ಒಂದು ಹೊರೆ ಸೊಪ್ಪಿಗೆ ಬಡಿದ ಎದೆ

ಬ್ಲೀಚಿಂಗ್ ಪೌಡರಿನ ವಾಸನೆ ನನಗೆ ಈಗಲೂ ಆಗುವುದಿಲ್ಲ. ಬಸ್‌ಸ್ಟ್ಯಾಂಡಿನ ಕಕ್ಕಸಿನ ಮುಂದೆ ಹಾಯುವಾಗ ಮೂಗು ಮುಚ್ಚಿಕೊಂಡರೆ ಜೊತೆಯವರು ನಾನು ಕೊಳಕಿಗೆ ಹೇಸುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಕೊಳಕಿಗಲ್ಲ, ಕೊಳಕು ತೊಳೆಯಲು ಚೆಲ್ಲಿದ ಆ ಪುಡಿಗೆ. ಅದರ ನೀರಿನಲ್ಲಿ ನನ್ನ ಎರಡೂ ಕೈ ಅದ್ದಿಸಿ, ತಲೆಗೊಂದು ಹೊರೆ ಸೊಪ್ಪು ಹೊರಿಸಿ, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, ಇವಳ ಎದೆಯಲ್ಲಿ ತೂತಿದೆ ಎಂದು ತೀರ್ಪು ಕೊಟ್ಟವರನ್ನು ನೆನೆದರೆ ಥೂ ಎನ್ನುವ ಮಾತು ತಾನಾಗಿ ಬಾಯಿಗೆ ಬರುತ್ತದೆ. ಬರಲಿ ಬಿಡಿ. ನಾನೇನು ಪುರಾಣ ಹೇಳಲು ಕೂತಿಲ್ಲ.

ನಾನು ರಾಯದುರ್ಗದವಳು. ಹತ್ತನೇ ಕ್ಲಾಸು ಮುಗಿಸಿದ ಮೇಲೆ ನಮ್ಮ ಓಣಿಯ ಎಲ್ಲ ಹುಡುಗಿಯರ ಹಾಗೆ ನಾನೂ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕೂತೆ. ಕೂತೆ ಎಂದರೆ ಕೂತೇಬಿಟ್ಟೆ. ಪ್ಯಾಂಟಿನ ಹಿಂದಿನ ಜೇಬು ಕೂರಿಸುವುದು ನನ್ನ ಕೆಲಸ. ಕಣ್ಣು ಸೂಜಿಯ ಮೇಲೆ, ಕೈ ಬಟ್ಟೆಯ ಮೇಲೆ, ಪಾದದ ಮುಂಭಾಗ ಮಾತ್ರ ಮಷೀನಿನ ಪೆಡಲಿನ ಮೇಲೆ ಆಡುತ್ತಿರುತ್ತದೆ. ಉಳಿದ ಮೈ ಗೋಣಿಚೀಲದ ಹಾಗೆ ಸ್ಟೂಲಿನ ಮೇಲೆ. ಯೂನಿಟ್ಟು ನಮ್ಮ ಮನೆಯಿಂದ ಎರಡು ಓಣಿ ಆಚೆ, ಅಷ್ಟು ದೂರಕ್ಕೂ ನನ್ನ ತಮ್ಮ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದ. ಶಾಲೆಯ ಆಟದ ಪೀರಿಯಡ್ಡು ಬಿಟ್ಟರೆ ನಾನು ಓಡಿದ್ದು ನೆನಪಿಲ್ಲ. ಇಪ್ಪತ್ತಮೂರರ ಪ್ರಾಯಕ್ಕೆ ನನ್ನ ಮೈಯಲ್ಲಿ ದಣಿದದ್ದು ಸೊಂಟ ಮತ್ತು ಕಣ್ಣು ಎರಡೇ.

ಇನ್ನೊಂದು ಮಾತು ಹೇಳಿಬಿಡಬೇಕು, ಈ ಕಥೆಯೆಲ್ಲ ನಿಂತಿರುವುದೇ ಅದರ ಮೇಲೆ. ನೀರು ಕಾಣದ ಹೊಸ ಜೀನ್ಸ್ ಬಟ್ಟೆ ಬಣ್ಣ ಬಿಡುತ್ತದೆ. ದಿನವಿಡೀ ಅದನ್ನೇ ಒತ್ತಿ ಹಿಡಿದು ಹೊಲಿಯುವವರ ಬೆರಳು ನೀಲಿಯಾಗುತ್ತದೆ. ಚರ್ಮದ್ದು ಸೋಪಿಗೆ ಹೋದೀತು, ಉಗುರಿನದು ಹೋಗುವುದಿಲ್ಲ. ನಮ್ಮೂರಿನಲ್ಲಿ ನೀಲಿ ಉಗುರು ಕಂಡರೆ ಯಾವ ಯೂನಿಟ್ಟು ಎಂದು ಕೇಳುತ್ತಾರೆ, ಇನ್ನೇನನ್ನೂ ಕೇಳುವುದಿಲ್ಲ.

ಸಂಬಂಧ ಬಂದದ್ದು ಮಡಕಶಿರಾ ಕಡೆಯಿಂದ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವ ಮನೆ, ಒಬ್ಬನೇ ಮಗ. ಅವರು ಬಂದು ನನ್ನನ್ನು ನೋಡಿ ಹೋದರು, ಒಪ್ಪಿದರು, ನಮ್ಮವರೂ ಒಪ್ಪಿದರು. ನಾನೂ ಒಪ್ಪಿದೆ. ಒಪ್ಪಿದೆ ಎನ್ನುವುದು ಸಣ್ಣ ಮಾತು. ಹುಡುಗ ರಾತ್ರಿ ಊಟದ ಹೊತ್ತಿಗೆ ಫೋನು ಮಾಡುತ್ತಿದ್ದ. ದನಿ ತಗ್ಗಿದ್ದು, ಮಾತು ಕಡಿಮೆ. ಒಂದು ದಿನ, "ತಡಿ, ಒಂದು ಕೇಳುಸ್ತೀನಿ" ಎಂದು ಫೋನನ್ನು ಹುಳದ ತಟ್ಟೆಯ ಪಕ್ಕ ಇಟ್ಟ. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಕಡಿಯುವ ಸದ್ದು. ಅಕ್ಕಿ ಕೇರಿದ ಹಾಗೆ ಸರ ಸರ ಸರ. ನಾನು ತುತ್ತು ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ. ಅವ್ವ, "ಫೋನಿನ್ಯಾಗ ಯಾರೂ ಮಾತಾಡಾಕ ಹತ್ತಿಲ್ಲ, ನೀ ಯಾಕ ನಗಾಕ ಹತ್ತೀದಿ?" ಅಂದಳು. ನನಗೆ ಆ ಹುಡುಗ ಬೇಕಾಗಿದ್ದ. ಅದನ್ನು ಮುಚ್ಚಿಟ್ಟರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ.

ನಿಶ್ಚಿತಾರ್ಥಕ್ಕೆ ಮುಂಚೆ ನಾವು ಅವರ ಮನೆಗೆ ಹೋಗಬೇಕಿತ್ತು. ಅವರ ಮನೆಯಲ್ಲೊಂದು ಪದ್ಧತಿ. ಸೊಸೆಯಾಗಿ ಬರುವವಳು ತೋಟದಿಂದ ಒಂದು ಹೊರೆ ಸೊಪ್ಪು ತಾನೇ ಹೊತ್ತು ತಂದು ಹುಳಕ್ಕೆ ಹಾಕಬೇಕು. ಹುಳ ಚೆನ್ನಾಗಿ ತಿಂದರೆ ಅವಳ ಕೈಗುಣ ಒಳ್ಳೆಯದು ಅಂತ. ಕೇಳಿದಾಗ ನನಗೆ ಚೆಂದವೇ ಅನಿಸಿತ್ತು. ಫೋನಿನಲ್ಲಿ ಕೇಳಿದ ಸದ್ದನ್ನು ಎದುರಿಗೇ ಕೇಳಬಹುದಲ್ಲ ಎಂದು ಹೊಸ ಚೂಡಿದಾರ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ, ಮುಖಕ್ಕೆ ಪೌಡರು ಬಳಿದುಕೊಂಡು ಹೋದೆ.

ಹುಡುಗನ ತಾಯಿ ಬಾಗಿಲಲ್ಲೇ ಮೂಗರಳಿಸಿದಳು. "ಪೌಡ್ರು ತೊಳ್ಕಮ್ಮಾ. ನಮ್ ಹುಳಕ್ಕೆ ಒಂಚೂರು ವಾಸ್ನೆ ಆಗಲ್ಲ ಕಣಮ್ಮ." ಸರಿ, ಹುಳದ ಮನೆಯವರ ಕಷ್ಟ ಅವರಿಗೆ, ತೊಳೆದುಕೊಂಡೆ. ಆಮೇಲೆ ನನ್ನ ಕೈ ನೋಡಿದಳು. ಮುಖ ಕಹಿಯಾಯಿತು. "ಇದೇನಿದು ಬಣ್ಣ? ಈ ಕೈಯಾಗೆ ಸೊಪ್ಪು ಮುಟ್ಟಿದ್ರೆ ಹುಳ ಉಳಿತಾವಾ?" ಎಂದವಳೇ ಹುಳದ ಮನೆಯ ಹೊಸಿಲ ಬಳಿ ಇಟ್ಟಿದ್ದ ಬ್ಲೀಚಿಂಗ್ ಪೌಡರಿನ ನೀರಿಗೆ ನನ್ನ ಕೈಗಳನ್ನು ಮಣಿಕಟ್ಟಿನವರೆಗೆ ಅದ್ದಿಸಿದಳು. ಅದು ಒಳಗೆ ಹೋಗುವವರು ಕಾಲು ಅದ್ದುವ ಟಬ್ಬು. ಅದರಲ್ಲಿ ಮಣ್ಣು ತೇಲುತ್ತಿತ್ತು, ಒಂದೆರಡು ಸತ್ತ ನೊಣ ತೇಲುತ್ತಿದ್ದವು. ಸೂಜಿ ತಾಗಿದ್ದ ಕಡೆಯೆಲ್ಲ ಚುರುಗುಟ್ಟಿತು. ಚರ್ಮ ಬಿಳಿಚಿತು, ಉಗುರು ಮಾತ್ರ ನೀಲಿಯಾಗಿಯೇ ಉಳಿಯಿತು. ನನ್ನ ಅವ್ವ ಪಕ್ಕದಲ್ಲೇ ನಿಂತು ಹಲ್ಲು ಕಿರಿಯುತ್ತಿದ್ದಳು. ಹೆಣ್ಣು ಹೆತ್ತವರ ಆ ನಗೆ ಕಂಡರೆ ನನಗೆ ಆಗುವುದಿಲ್ಲ.

ತೋಟ ಮನೆಯ ಹಿಂದೆ ಇಳಿಜಾರಿನಲ್ಲಿತ್ತು. ಕಡ್ಡಿ ಸಮೇತ ಕೊಯ್ದ ಸೊಪ್ಪಿನ ಹೊರೆ ಕಟ್ಟಿ ತಲೆಯ ಮೇಲಿಟ್ಟರು. ಅಂಥ ಭಾರವೇನಲ್ಲ. ಆದರೆ ಏರು, ಮೇಲೆ ಬಿಸಿಲು, ಹಿಂದಿನಿಂದ ಹುಡುಗನ ತಾಯಿ, "ಬಿರ್‌ಬಿರ್ನೆ ಬಾರಮ್ಮಾ, ಹುಳ ಹಸ್ಕೊಂಡವೆ" ಎಂದು ಎತ್ತಿಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಬಿರಬಿರನೆ ನಡೆದೆ. ಅರ್ಧ ಏರುವಷ್ಟರಲ್ಲಿ ಎದೆ ಹೊಡೆದುಕೊಳ್ಳತೊಡಗಿತು. ಮನೆ ಮುಟ್ಟುವಷ್ಟರಲ್ಲಿ ಅದು ಕಿವಿಯಲ್ಲಿ, ಗಂಟಲಲ್ಲಿ, ಹಲ್ಲಿನ ಬುಡದಲ್ಲೆಲ್ಲ ಬಡಿಯುತ್ತಿತ್ತು. ಹೊರೆ ಇಳಿಸಿ ಕಟ್ಟೆಯ ಮೇಲೆ ಕೂತೆ. ಕೂತರೂ ನಿಲ್ಲಲಿಲ್ಲ. ಪೆಡಲಿನಿಂದ ಕಾಲು ತೆಗೆದರೂ ಮಷೀನು ಓಡುತ್ತಲೇ ಇದ್ದ ಹಾಗೆ.

ಅಲ್ಲಿಗೆ ಬಂದಳು ಹುಡುಗನ ಸೋದರತ್ತೆ. ಹತ್ತಿರದ ಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿ ಬಾಗಿಲ ಬಳಿ ಕೂತು ಟೋಕನ್ ಕೊಡುವ ಕೆಲಸ ಅವಳದು. ಆ ಮನೆಯಲ್ಲಿ ಅವಳೇ ಡಾಕ್ಟರು. ಅಳಿಯನಾದ ಹುಡುಗನಿಗೆ ನೆಗಡಿಯಾದರೂ ಅವಳ ಅಪ್ಪಣೆ ಬೇಕು, ಅವನ ತಾಯಿಗೆ ಕಾಲು ನೋವಾದರೂ ಅವಳ ಗುಳಿಗೆ ಬೇಕು. ವೀಳ್ಯ ಅಗಿಯುತ್ತ ಬಂದು ನನ್ನ ಮಣಿಕಟ್ಟು ಹಿಡಿದಳು. ಬೆರಳು ಜಿಗುಟು, ಸುಣ್ಣ ಹತ್ತಿತ್ತು. ನನ್ನ ಉಗುರು ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು. ಚೀಲದಿಂದ ಕರೋನಾ ಕಾಲದಲ್ಲಿ ಎಲ್ಲರ ಮನೆಗೂ ಬಂದಿತ್ತಲ್ಲ, ಬೆರಳಿಗೆ ಕಚ್ಚಿಸುವ ಆಕ್ಸಿಮೀಟರು, ಅದನ್ನು ತೆಗೆದು ನನ್ನ ನೀಲಿ ಉಗುರಿಗೆ ಸಿಕ್ಕಿಸಿದಳು. ಮೇಲೆ ಉಸಿರಿನ ಅಂಕಿ, ಕೆಳಗೆ ನಾಡಿಯ ಅಂಕಿ. ಮೇಲಿನದು ಇರಬೇಕಾದದ್ದಕ್ಕಿಂತ ಕೆಳಗಿತ್ತು, ಕೆಳಗಿನದು ಇರಬೇಕಾದದ್ದಕ್ಕಿಂತ ಬಹಳ ಮೇಲಿತ್ತು.

"ನೋಡ್ರಪ್ಪ, ಉಗುರು ನೀಲಿ, ಆಕ್ಸಿಜನ್ ಕಮ್ಮಿ, ಎದೆ ಕುದುರೆ ಓಡ್ದಂಗೆ ಓಡ್ತೈತೆ. ಹಾರ್ಟಾಗೆ ತೂತು ಇದ್ದೋರ್ಗೆ ಇಂಗೇ ಆಗದು. ನಾನು ದಿನಾ ನೋಡ್ತೀನಿ ಇಂಥವ್ರನ್ನ" ಅಂದಳು.

"ಅಲ್ರಿ, ಅದು ಜೀನ್ಸ್ ಬಣ್ಣರೀ" ಅಂದೆ. ಏದುಸಿರಿನಲ್ಲಿ ನನ್ನ ಮಾತು ನನಗೇ ಕಳ್ಳರ ಮಾತಿನಂತೆ ಕೇಳಿಸಿತು.

"ಬಣ್ಣ ಆದ್ರೆ ಬ್ಲೀಚಿಂಗ್ನಾಗೆ ಹೋಗ್ತಿರ್ಲಿಲ್ವಾ?"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಡೀ ಮನೆ ತಲೆಯಾಡಿಸಿತು. ನಾನು ಹುಡುಗನ ಕಡೆ ನೋಡಿದೆ. ಅವನು ಕಂಬಕ್ಕೆ ಒರಗಿ ನಿಂತಿದ್ದ. ಜೇಬಿನಿಂದ ಮೊಬೈಲು ತೆಗೆದು ಅದನ್ನೇ ನೋಡತೊಡಗಿದ. ಒಂದು ಮಾತು, ಪಾಪ ದಣಿದಿದ್ದಾಳೆ ನೀರು ಕೊಡಿ ಎನ್ನುವ ಒಂದೇ ಒಂದು ಮಾತು ಅವನ ಬಾಯಿಂದ ಬಂದಿದ್ದರೆ ಸಾಕಿತ್ತು. ನಾನು ಹೊತ್ತು ತಂದ ಸೊಪ್ಪನ್ನು ಹುಳಕ್ಕೆ ಹಾಕಲಿಲ್ಲ. ರೋಗದ ಕೈ ಎಂದು ಮೇಕೆಗೆ ಹಾಕಿದರು.

ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಕಿಟಕಿಯ ಆಚೆಯೇ ನೋಡುತ್ತಿದ್ದ. ಅವ್ವ ಮಾತ್ರ ನನ್ನ ಎದೆಯ ಮೇಲೆ ಕೈಯಿಟ್ಟು, "ಈಗೂ ಬಡಿಯಾಕ ಹತ್ತೇತೇನ?" ಎಂದು ಕೇಳುತ್ತಲೇ ಇದ್ದಳು. ಬಡಿಯದೆ ಇದ್ದರೆ ನಾನು ಹೆಣವಾಗಿರುತ್ತಿದ್ದೆ ಎಂದು ರೇಗಿದೆ. ಮುಂದಿನ ಸೀಟಿನವಳು ತಿರುಗಿ ನೋಡಿ, ವಿಷಯ ತಿಳಿದುಕೊಂಡು, "ಅಯ್ಯೋ ಪಾಪಂ" ಎಂದು ತೆಲುಗಿನಲ್ಲಿ ಮರುಗಿದಳು. ಮದುವೆ ಮುರಿದಿದೆ ಎಂದು ಯಾರೂ ಹೇಳಿರಲಿಲ್ಲ, ನಡೆಯುತ್ತದೆ ಎಂದೂ ಹೇಳಿರಲಿಲ್ಲ. ಸೋದರತ್ತೆ, "ದೊಡ್ಡಾಸ್ಪತ್ರೆಗೆ ತೋರ್ಸಿ, ಆಮ್ಯಾಕೆ ನೋಡಾನ" ಅಂದಿದ್ದಳು ಅಷ್ಟೆ.

ಆಮೇಲಿನ ದಿನಗಳು ನನಗೆ ಇವತ್ತಿಗೂ ಅಸಹ್ಯ. ನಮ್ಮ ಓಣಿಗೆ ಸುದ್ದಿ ಬೇಕಿತ್ತು, ಸಿಕ್ಕಿತು. ಬಂದವರೆಲ್ಲ ನನ್ನ ಎದೆ ಮುಟ್ಟಿ ನೋಡುವವರೇ. ಮೀನು ತೊಳೆದ ಕೈ, ಮೂಗು ಒರೆಸಿದ ಕೈ, ಯಾವ ಕೈಯೂ ಬಿಡಲಿಲ್ಲ. ಪ್ರಾಯದವರು ಆಡುತ್ತ ಆಡುತ್ತ ಕುಸಿದು ಬೀಳುವ ವಿಡಿಯೋಗಳನ್ನು ನನ್ನ ಫೋನಿಗೆ ಕಳಿಸಿ, ಕೆಳಗೆ ಕೈ ಮುಗಿದ ಗುರುತು ಹಾಕುತ್ತಿದ್ದರು. ಹಸಿ ಬೆಳ್ಳುಳ್ಳಿ ಜಜ್ಜಿ ಹಾಲಿನಲ್ಲಿ ಕದಡಿ ಕುಡಿಸಿದರು. ಅದರ ತೇಗು ಸಂಜೆಯವರೆಗೆ ಬರುತ್ತಿತ್ತು, ಯೂನಿಟ್ಟಿನಲ್ಲಿ ಪಕ್ಕದ ಮಷೀನಿನವಳು ಮುಖ ತಿರುಗಿಸಿ ಕೂರುತ್ತಿದ್ದಳು. ಮೇಸ್ತ್ರಿ ನನ್ನನ್ನು ಜೇಬಿನ ಕೆಲಸದಿಂದ ತೆಗೆದು ಮೂಲೆಯಲ್ಲಿ ದಾರ ಕತ್ತರಿಸಲು ಕೂರಿಸಿದ. "ಏನಾರ ಆದ್ರ ನನ್ನ ತಲಿಗೆ ಬರ್ತೇತವ್ವಾ" ಅಂದ. ನನಗೆ ಏನಾದರೂ ಆಗುವುದು ಅವನಿಗೆ ಬೇಡವಾಗಿತ್ತು ಎಂದಲ್ಲ, ಅವನ ಷೆಡ್ಡಿನಲ್ಲಿ ಆಗುವುದು ಬೇಡವಾಗಿತ್ತು.

ಮನೆಯಲ್ಲಿ ಕೊಡ ಎತ್ತುವಂತಿಲ್ಲ, ಮಾಳಿಗೆ ಹತ್ತುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಎದೆ ಬಡಿಯದ ಹಾಗೆ ನೋಡಿಕೊಳ್ಳುವುದೇ ಔಷಧ ಎಂದು ಎಲ್ಲರೂ ತೀರ್ಮಾನಿಸಿದ್ದರು. ಕೂತು ಕೂತು ಕೆಟ್ಟ ಮೈಯನ್ನು ಇನ್ನಷ್ಟು ಕೂರಿಸಿದರು. ಕೂತಷ್ಟೂ ಬಡಿತ ಹೆಚ್ಚಾಯಿತು. ಕೊನೆಗೆ ಹಿತ್ತಿಲಿಗೆ ಹೋಗಿ ಬಂದರೂ ಎದೆ ಹೊಡೆದುಕೊಂಡು ನಾನು ಗೋಡೆ ಹಿಡಿದು ನಿಲ್ಲುವಂತಾಯಿತು. ಅವರು ಹೇಳುವುದು ನಿಜವಿರಬೇಕು ಎಂದು ನಾನೇ ನಂಬತೊಡಗಿದೆ. ಛೀ, ಅದಕ್ಕಿಂತ ಹೇಸಿಗೆಯ ವಿಷಯ ಇನ್ನೊಂದಿಲ್ಲ. ನನ್ನ ಉಗುರು ಯಾಕೆ ನೀಲಿ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಮಲಗಿದಾಗ ಅದನ್ನೇ ಎತ್ತಿ ಎತ್ತಿ ನೋಡಿಕೊಳ್ಳುತ್ತಿದ್ದೆ.

ಹುಡುಗನ ಫೋನು ದಿನ ಬಿಟ್ಟು ದಿನಕ್ಕೆ ಬಂತು, ಆಮೇಲೆ ವಾರಕ್ಕೊಮ್ಮೆ ಬಂತು, ಆಮೇಲೆ ನಿಂತಿತು. ನಾನು ಮಾಡಿದರೆ, "ಹುಳ ಹಣ್ಣಾಗವೆ, ಗೂಡು ಕಟ್ಟಕ್ಕೆ ಬಿಡ್ಬೇಕು, ಕೆಲಸ ಐತೆ" ಎನ್ನುತ್ತಿದ್ದ.

ಅವ್ವ ನೇಮಕಲ್ಲಿನ ಆಂಜನೇಯನಿಗೆ ಹರಕೆ ಹೊತ್ತಳು. ಶನಿವಾರ ನನ್ನನ್ನು ಕರೆದುಕೊಂಡು ಹೋಗಿ ಗುಡಿಯ ನೆರಳಿನಲ್ಲಿ ಕೂರಿಸಿ, ನನ್ನ ಪಾಲಿನ ಪ್ರದಕ್ಷಿಣೆಯನ್ನು ತಾನೇ ಹಾಕತೊಡಗಿದಳು. ಕೆಲವೇ ಸುತ್ತಿಗೆ ಅವಳ ಮುಖ ಕೆಂಪಾಯಿತು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಂದು ನನ್ನ ಪಕ್ಕ ಧೊಪ್ಪನೆ ಕೂತಳು. ನಾನು ಅವಳ ಎದೆಯ ಮೇಲೆ ಕೈಯಿಟ್ಟೆ. ಒಳಗೆ ದಡಬಡ ದಡಬಡ.

"ಅವ್ವಾ, ನಿನ್ನ ಎದ್ಯಾಗೂ ತೂತು ಐತೇನ?"

"ನನಗ ವಯಸ್ಸಾಗೇತಿ, ಸುಮ್ನಿರ" ಅಂದಳು. ಹನುಮಪ್ಪನ ಎದುರಿಗೇ ನನಗೆ ನಗು ಬಂತು. ಆ ನಗು ಬಂದದ್ದೇ ಒಳ್ಳೆಯದಾಯಿತು. ಹರಕೆ ಸಾಕು, ಆಸ್ಪತ್ರೆಗೆ ಹೋಗೋಣ ಎಂದು ಹಟ ಹಿಡಿದೆ.

ಬಳ್ಳಾರಿಯಲ್ಲಿ ನಮ್ಮನ್ನು ನೋಡಿದ ಡಾಕ್ಟರಮ್ಮ ಮೊದಲು ನನ್ನ ಕೈ ನೋಡಿದರು. ನಾನು ಹೆದರಿ ಬೆರಳು ಮಡಚಿಕೊಂಡೆ.

"ಜೀನ್ಸ್ ಕೆಲಸ ಏನಮ್ಮಾ?" ಅಂದರು.

ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು. ಬಳ್ಳಾರಿಯೂ ಜೀನ್ಸಿನ ಊರು, ಇಂಥ ಉಗುರು ಅವರು ದಿನಾ ನೋಡುತ್ತಾರೆ. ಕ್ಲಿಪ್ಪನ್ನು ಉಗುರಿನ ಮೇಲೆ ಹಾಕದೆ ಬೆರಳಿನ ಪಕ್ಕಕ್ಕೆ ತಿರುಗಿಸಿ ಹಾಕಿದರು. ಮೇಲಿನ ಅಂಕಿ ಎಲ್ಲರದರಷ್ಟೇ ಬಂತು. ಉಗುರಿಗೆ ಬಣ್ಣವಿದ್ದರೆ ಅದರ ಬೆಳಕು ಒಳಗೆ ಸರಿಯಾಗಿ ಹಾಯುವುದಿಲ್ಲ, ಸುಳ್ಳು ಹೇಳುತ್ತದೆ ಅಂದರು. ಆಮೇಲೆ ಎದೆಗೆ ವೈರು ಅಂಟಿಸಿ ಓಡುವ ಪಟ್ಟಿಯ ಮೇಲೆ ನಡೆಸಿದರು. ಎದೆ ಮತ್ತೆ ಹಾಗೇ ಹೊಡೆದುಕೊಂಡಿತು. ನಿಲ್ಲಿಸಿಬಿಡುತ್ತಾರೆ, ಹೌಹಾರುತ್ತಾರೆ ಎಂದು ಕಾಯುತ್ತಿದ್ದೆ. ಅವರು ಟೀ ಕುಡಿಯುತ್ತ ಪರದೆ ನೋಡುತ್ತಿದ್ದರು. ಎದೆಯ ಸ್ಕ್ಯಾನನ್ನೂ ಮಾಡಿಸಿದರು. ತೂತೂ ಇಲ್ಲ, ಏನೂ ಇಲ್ಲ.

"ಹಂಗಾದ್ರ ಅಷ್ಟು ಯಾಕ ಬಡಿತೇತ್ರಿ?" ಎಂದು ಅವ್ವ ಕೇಳಿದಳು.

"ಬಡೀಬೇಕಮ್ಮಾ. ಕಾಲು ರಕ್ತ ಕೇಳ್ತವೆ, ಎದೆ ಕೊಡಬೇಕು. ಅಭ್ಯಾಸ ಇಲ್ಲದ ಎದೆ ಒಂದು ಬಡಿತಕ್ಕೆ ಸ್ವಲ್ಪ ಸ್ವಲ್ಪ ಕಳಿಸ್ತದೆ. ಸಣ್ಣ ತಂಬಿಗೆಯಿಂದ ಹಂಡೆ ತುಂಬಿಸಿದ ಹಾಗೆ, ಸಲ ಜಾಸ್ತಿ ಬೇಕಲ್ಲ? ನಿಂತ ಮೇಲೆ ಇಳಿಯೋದಕ್ಕೂ ಹೊತ್ತು ಹಿಡೀತದೆ. ದಿನಾ ನಡೆದರೆ ತಂಬಿಗೆ ಹೋಗಿ ಕೊಡ ಆಗ್ತದೆ. ನಿಮ್ಮ ಮಗಳಿಗೆ ರೋಗ ಇಲ್ಲ, ನಡಿಗೆ ಇಲ್ಲ" ಅಂದರು. ಜೊತೆಗೆ, ನಡೆಯುವಾಗ ಎದೆ ನೋವು ಬಂದರೆ, ಕಣ್ಣು ಕತ್ತಲೆ ಬಂದರೆ ಮಾತ್ರ ತಕ್ಷಣ ಬಾ, ಬರೀ ಬಡಿದರೆ ಹೆದರಬೇಡ ಅಂದರು.

ಇಷ್ಟು ದಿನ ನನ್ನನ್ನು ಕೂರಿಸಿ ಬೆಳ್ಳುಳ್ಳಿ ಕುಡಿಸಿದರಲ್ಲ ಎಂದು ಮೈ ಉರಿಯಿತು. ಮರುದಿನದಿಂದಲೇ ಬೆಳಕು ಹರಿಯುವ ಹೊತ್ತಿಗೆ ನಮ್ಮೂರ ಕೋಟೆ ಬೆಟ್ಟದ ದಾರಿ ಹಿಡಿದೆ. ಮೊದಮೊದಲು ಬುಡದ ಬಂಡೆಯವರೆಗೆ ಹೋಗಿ ಬಾಯಿ ತೆರೆದು ಕೂರುತ್ತಿದ್ದೆ. ದಾರಿಯುದ್ದಕ್ಕೂ ಜನ ಬೆಳಗಿನ ಕೆಲಸ ಮುಗಿಸಿ ಎದ್ದು ಹೋದ ಗುರುತುಗಳು. ಮೂಗು ಮುಚ್ಚಿದರೆ ಉಸಿರು ಸಾಲದು, ಬಿಟ್ಟರೆ ವಾಂತಿ. ಗೊಣಗುತ್ತ ಬೈಯುತ್ತ ಹತ್ತಿದೆ. ಓಣಿಯವರು, "ಸಾಯಾಕ ಹೊಂಟಾಳ ನೋಡು" ಅಂದರು. ಅವರಿಗೆ ನಾನು ಬದುಕಿರುವುದೇ ಒಂದು ನಿರಾಸೆಯಾಗಿತ್ತು. ವಾರಗಳು ಕಳೆದ ಹಾಗೆ ಬಂಡೆ ದಾಟಿದೆ, ಕೋಟೆಯ ಮುರುಕು ಬಾಗಿಲು ದಾಟಿದೆ, ಮೇಲಿನ ಗುಡಿಯನ್ನೂ ಮುಟ್ಟಿದೆ. ಎದೆ ಈಗಲೂ ಬಡಿಯುತ್ತಿತ್ತು, ಆದರೆ ನಿಂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಮೇಸ್ತ್ರಿಯ ಜೊತೆ ಜಗಳವಾಡಿ ನನ್ನ ಜೇಬಿನ ಮಷೀನನ್ನೂ ವಾಪಸು ತೆಗೆದುಕೊಂಡೆ.

ಅಪ್ಪ ಆಸ್ಪತ್ರೆಯ ರಿಪೋರ್ಟಿನ ಫೋಟೋ ಮಡಕಶಿರಾಕ್ಕೆ ಕಳಿಸಿದ್ದ. ಬಹಳ ದಿನಕ್ಕೆ ಸೋದರತ್ತೆಯ ಫೋನು ಬಂತು. "ರಿಪೋರ್ಟು ಯಾರ್ ಬೇಕಾದ್ರೂ ಮಾಡುಸ್ತಾರೆ ಕಣಣ್ಣ. ನಾವು ಬತ್ತೀವಿ. ನಮ್ ಕಣ್ಣೆದ್ರಿಗೆ ನಿಮ್ಮೂರ ಬೆಟ್ಟ ಹತ್ಲಿ. ಹತ್ತಿದ್ರೆ ಅವತ್ತೇ ಹೂವು ಮುಡ್ಸಿ ಮಾತು ಮುಗಿಸ್ಬಿಡಾನ." ಅಪ್ಪ ಒಪ್ಪಿಕೊಂಡ. ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವವರೂ ಒಂದೇ ಸಲ ನೋಡುತ್ತಾರೆ, ಇವರಿಗೆ ಎರಡು ಸಲ ಬೇಕಿತ್ತು. ನನಗೆ ಹೇಸಿಗೆಯಾಯಿತು. ಆದರೂ ಬೇಡ ಅನ್ನಲಿಲ್ಲ. ಯಾಕೆಂದರೆ ಅವನೂ ಬರುತ್ತಾನೆ ಎಂದಿದ್ದರು, ಆ ಸರ ಸರ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಅವನಿಗೆ ಮನೆಯವರ ಭಯ, ಒಳಗೆ ನನ್ನ ಕಡೆಯೇ ಇದ್ದಾನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಎಲ್ಲರೂ ಬೆಟ್ಟದ ಬುಡಕ್ಕೆ ಬಂದರು. ಸೋದರತ್ತೆ ಬೇವಿನ ಮರದ ಕೆಳಗೆ ಕೂತು ವೀಳ್ಯ ಮಡಚಿದಳು. ತನಗೆ ಮಂಡಿ ನೋವಂತೆ. ಹುಡುಗನ ತಾಯಿಗೆ ಬಿಸಿಲು ಆಗದಂತೆ. ಹತ್ತಿ ತೋರಿಸಬೇಕಾದವಳು ನಾನು, ನೋಡಬೇಕಾದವರೆಲ್ಲ ನೆರಳಲ್ಲಿ. ಸೋದರತ್ತೆ ಆ ಕ್ಲಿಪ್ಪನ್ನು ಅಳಿಯನ ಕೈಗೆ ಕೊಟ್ಟು, "ನೀನೂ ಹೋಗು, ಮೇಲೆ ಗುಡಿ ತಾವ ಹಾಕಿ ನೋಡಿ ಬಂದು ಯೋಳು" ಅಂದಳು.

ಹತ್ತಿದೆವು. ನಾನು ಮುಂದೆ, ಅವನು ಹಿಂದೆ. ಅವನು ತೋಟಕ್ಕೂ ಬೈಕಿನಲ್ಲೇ ಹೋಗುವವನು, ಸೊಪ್ಪು ಹೊರುವವರು ಕೂಲಿಯ ಹೆಂಗಸರು. ಮುರುಕು ಬಾಗಿಲ ಹತ್ತಿರ ಅವನ ಹೆಜ್ಜೆ ನಿಂತದ್ದು ಕೇಳಿಸಿತು. ತಿರುಗಿದರೆ ಬಂಡೆಗೆ ಕೈಯೂರಿ ನಿಂತಿದ್ದ, ಅಂಗಿ ಬೆನ್ನಿಗೆ ಅಂಟಿತ್ತು, ತುಟಿ ಒಣಗಿತ್ತು. ನಿಧಾನ ಬರ್ರಿ ಎಂದು ನಾನೂ ನಿಧಾನವಾದೆ. ಗುಡಿಯ ಕಟ್ಟೆ ಮುಟ್ಟಿದಾಗ ಅವನು ಕೂತದ್ದಲ್ಲ, ಬಿದ್ದದ್ದು.

ನಾನೇ ಬೆರಳು ಚಾಚಿದೆ. "ಹಾಕ್ರಿ. ಉಗುರಿನ ಮ್ಯಾಲ ಬ್ಯಾಡ, ಪಕ್ಕಕ್ಕ ಹಾಕ್ರಿ." ಹಾಕಿದ. ಮೇಲಿನ ಅಂಕಿ ಸರಿಯಿತ್ತು. ಕೆಳಗಿನದು ನಾವು ನೋಡುತ್ತಿದ್ದ ಹಾಗೆಯೇ ಇಳಿಯತೊಡಗಿತು. ನನಗೆ ಖುಷಿಯಾಯಿತು. ಕ್ಲಿಪ್ಪು ತೆಗೆದು, "ನೀವೂ ಹಾಕ್ಕೋರಿ" ಎಂದು ತಮಾಷೆಗೆ ಅವನ ಕಡೆ ಚಾಚಿದೆ.

ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಮುಖ ಬಿಳಿಚಿತು. "ಬ್ಯಾಡ. ಯಾರ್ಗೂ ಯೋಳ್‌ಬ್ಯಾಡ" ಅಂದ.

"ಏನು ಹೇಳಬಾರ್ದು?"

"ನಂದೂ ಇಂಗೇ ಬಡಿತೈತೆ. ಅವತ್ತು ನೀವು ಹೋದ್ ಮ್ಯಾಕೆ ನಾನೂ ಒಂದು ಹೊರೆ ಹೊತ್ತು ತಂದು ಬೆರಳಿಗೆ ಹಾಕ್ಕಂಡು ನೋಡ್ದೆ. ಕೆಳಗಿನದು ನಿಂದು ಎಷ್ಟಿತ್ತೋ ನಂದೂ ಅಷ್ಟೇ ಬಂತು. ನಂಗೂ ಹಾರ್ಟ್ ಪ್ರಾಬ್ಲಮ್ಮು ಅಂತ ಹೆದ್ರಿಕೆ ಆಗ್ಬಿಡ್ತು."

ಹೆದರಿದ ಮನುಷ್ಯನನ್ನು ಹಾಗೇ ಬಿಡಲಾಗಲಿಲ್ಲ. ಅವನ ಪಕ್ಕ ಕೂತು ಡಾಕ್ಟರಮ್ಮ ಹೇಳಿದ ತಂಬಿಗೆಯ ಮಾತನ್ನು ಹೇಳಿದೆ. ಸುಮ್ನ ಕುಂದರ್ರಿ, ಇಳಿತೇತಿ ಅಂದೆ. ಬರಬರುತ್ತ ಅವನ ಉಸಿರು ಹತೋಟಿಗೆ ಬಂತು. ಮುಖಕ್ಕೆ ಕಳೆ ಬಂತು. ನಕ್ಕ ಕೂಡ. ಆ ನಗೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

"ಒಂದು ಕೇಳ್ಲೇನ್ರಿ?" ಅಂದೆ. "ನಿಮಗೂ ಹಂಗ ಬಂದಿದ್ದು ಅವತ್ತ ಗೊತ್ತಾಗಿತ್ತಲ್ಲ. ನನಗೊಬ್ಬಾಕಿಗೇ ಹಂಗ ಆಗಿಲ್ಲ ಅಂತ ಮನ್ಯಾಗ ಯಾಕ ಹೇಳ್ಲಿಲ್ಲ?"

"ಎಂಗೆ ಯೋಳದು? ಯೋಳಿದ್ರೆ ನನ್ನೂ ರೋಗಿಷ್ಠ ಅಂತಿದ್ರು. ಊರಾಗೆ ಗೊತ್ತಾದ್ರೆ ಆಮ್ಯಾಕೆ ನಂಗೆ ಹೆಣ್ಣು ಯಾರು ಕೊಡ್ತಿದ್ರು?" ಅಂದ. ಎಷ್ಟು ಸಹಜವಾಗಿ ಅಂದನೆಂದರೆ, ಅದರಲ್ಲಿ ತಪ್ಪಿದೆ ಎನ್ನುವುದೇ ಅವನಿಗೆ ಹೊಳೆದಿರಲಿಲ್ಲ. ಜೇಬಿನಿಂದ ಬಾಚಣಿಗೆ ತೆಗೆದು ಕೂದಲು ಬಾಚಿಕೊಂಡ. "ಈಗೆಲ್ಲ ಸರಿ ಆಯ್ತಲ್ಲ, ಬಾ ಇಳಿಯಾನ. ಹೂವು ತಂದವ್ರೆ" ಅಂದ.

ಆ ಬೆಳ್ಳುಳ್ಳಿ ಹಾಲು, ಎದೆ ಮುಟ್ಟಿದ ಅಷ್ಟು ಕೈಗಳು, ಗೋಡೆ ಹಿಡಿದು ನಿಂತ ನಾನು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಸೋದರತ್ತೆಯ ಮೇಲೆ ಕೂಡ ನನಗೆ ಅಷ್ಟು ಹೇಸಿಗೆ ಬಂದಿರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ, ಇವನಿಗೆ ಗೊತ್ತಿತ್ತು. ನಾನು ಕ್ಲಿಪ್ಪನ್ನು ಮುಷ್ಟಿಯಲ್ಲಿ ಹಿಡಿದು ಇಳಿದೆ.

ಕೆಳಗೆ ಸೋದರತ್ತೆ ಬಾಳೆ ಎಲೆಯ ಪೊಟ್ಟಣ ಬಿಚ್ಚಿ ಹೂವು ಕೈಯಲ್ಲಿ ಹಿಡಿದು ಎದ್ದಳು. "ಎಂಗೈತೆ?" ಎಂದು ಅಳಿಯನನ್ನು ಕೇಳಿದಳು.

"ಸರಿ ಐತೆ ಅತ್ತೆ" ಅಂದ.

ನಾನು ಕ್ಲಿಪ್ಪನ್ನು ಅವಳ ಕೈಗಿಟ್ಟೆ. "ನನ್ನ ಎದಿ ಚಲೋ ಐತ್ರಿ, ನಿಮ್ಮ ಹುಡುಗಂದೂ ಚಲೋ ಐತಿ. ಆದ್ರ ಈ ಸಂಬಂಧ ನನಗ ಬ್ಯಾಡ್ರಿ."

ಅವ್ವ ನನ್ನ ತೋಳು ಹಿಡಿದು ಜಗ್ಗಿದಳು. ಸೋದರತ್ತೆಯ ಬಾಯಲ್ಲಿ ವೀಳ್ಯ ಹಾಗೇ ನಿಂತಿತು.

"ಯಾಕಮ್ಮಾ? ಎಲ್ಲ ಸರಿ ಐತೆ ಅಂದ್ಮೇಲೆ ಇನ್ನೇನು?"

"ನಿಮ್ಮ ಹುಡುಗಗ ಗೊತ್ತೈತಿ. ಅವರನ್ನ ಕೇಳ್ರಿ."

ಎಲ್ಲರೂ ಅವನ ಕಡೆ ತಿರುಗಿದರು. ನಾನೂ ನೋಡಿದೆ, ಕೊನೆಯ ಸಲ. ಅವನು ಬೇವಿನ ಮರಕ್ಕೆ ಒರಗಿ, ಜೇಬಿನಿಂದ ಮೊಬೈಲು ತೆಗೆದು ಅದನ್ನೇ ನೋಡತೊಡಗಿದ.